ಅಪ್‌ಡೇಟ್: ನಂದಿ ಬೆಟ್ಟದ ರೈಡಲ್ಲಿ ಪದೇ ಪದೇ ಪಂಕ್ಚರ್, ಚೈನ್ ಜಾರೋದು, ಎರಡೂ ಸರಿಹೋಯ್ತು

ಹೋದ ವಾರ ಕೇಳಿದ್ನಲ್ಲ, ಬೆಳಿಗ್ಗೆ ನಂದಿ ಬೆಟ್ಟಕ್ಕೆ ಸೈಕಲ್ ಹೊರಡಿಸಿದ್ರೆ ದೇವನಹಳ್ಳಿ ದಾಟೋಷ್ಟರಲ್ಲಿ ಹಿಂದಿನ ಚಕ್ರ ಪಂಕ್ಚರ್, ಟ್ಯೂಬ್ ಹಾಕ್ಕೊಂಡು ಮುಂದೆ ಹೋದ್ರೆ ಏರಲ್ಲಿ ಚೈನ್ ಕಟಕ್ ಅಂತ ಜಾರತ್ತೆ ಅಂತ, ಅದು ಏನಾಯ್ತು ಅಂತ ಹೇಳ್ತೀನಿ.

ಟೈರ್ ಒಳಗೆ ಮುಳ್ಳೋ ತಂತಿನೋ ಇರತ್ತೆ, ಹತ್ತಿ ಸವರಿ ನೋಡಿ ಅಂತ ತುಂಬಾ ಜನ ಹೇಳಿದ್ರಿ, ಸವರಿದೆ, ಏನೂ ಸಿಗ್ಲಿಲ್ಲ. ಕೆಲಸಕ್ಕೆ ಬಂದಿದ್ದು ‘ತೂತು ಟ್ಯೂಬಿನ ಯಾವ ಕಡೆ ಇದೆ ನೋಡಿ’ ಅಂದವರ ಮಾತು. ಅದು ರಿಮ್ ಕಡೆಗಿತ್ತು! ರಿಮ್ ಟೇಪ್ (ರಿಮ್ಮಿನ ಸ್ಪೋಕ್ ತೂತುಗಳನ್ನ ಮುಚ್ಚೋ ಪಟ್ಟಿ) ಪಕ್ಕಕ್ಕೆ ಸರಿದು ಒಂದು ಸ್ಪೋಕ್ ತೂತಿನ ಚೂಪಾದ ಅಂಚು ಕಾಣ್ತಿತ್ತು, ಗಾಳಿ ತುಂಬಿದಾಗ ಟ್ಯೂಬ್ ಅದರೊಳಗೆ ಉಬ್ಬಿ ಕುಯ್ದುಕೊಳ್ತಿತ್ತು. ಬಟ್ಟೆ ಟೇಪ್ ಹಾಕಿದ್ಮೇಲೆ ಪಂಕ್ಚರ್ ನಿಂತೇ ಹೋಯ್ತು.

ಚೈನಿಗೆ ಗೇರ್ ಕೇಬಲ್ ಬಿಗಿ ಮಾಡಿದ್ದು ಉಪಯೋಗ ಆಗ್ಲಿಲ್ಲ. ಸ್ಕೇಲಲ್ಲಿ ಅಳೀರಿ ಅಂದವ್ರೇ ಸರಿ, ಚೈನಿನ ಒಂದು ಪಿನ್ ಸ್ಕೇಲಿನ ಸೊನ್ನೆಗೆ ಇಟ್ರೆ 12 ಇಂಚಿಗೆ ಸರಿಯಾಗಿ ಕೂರಬೇಕಾದ ಪಿನ್ ನಂದ್ರಲ್ಲಿ 1/8 ಇಂಚು ಮುಂದಿತ್ತು, ಅಷ್ಟು ಸವೆದಿತ್ತು. ಆದ್ರೆ ಆಶ್ಚರ್ಯ ಅಂದ್ರೆ ಹೊಸ ಚೈನ್ ಹಾಕಿದ್ಮೇಲೆ ಇನ್ನೂ ಜಾಸ್ತಿ ಜಾರ್ತು! ಹಳೇ ಚೈನ್ ಜೊತೆ ಹಿಂದಿನ ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಸೆಟ್) ಹಲ್ಲುಗಳೂ ಸವೆದಿರತ್ತಂತೆ, ಹೊಸದು ಅದರ ಮೇಲೆ ಕೂರಲ್ಲ, ಕ್ಯಾಸೆಟ್ಟೂ ಬದಲಾಯಿಸಿದ್ಮೇಲೇ ಸರಿಹೋಗಿದ್ದು. ಪಿನ್ 1/16 ಇಂಚು ಮುಂದೆ ಬಂದಾಗಲೇ ಚೈನ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಕ್ಯಾಸೆಟ್ ದುಡ್ಡು ಉಳಿಯತ್ತೆ.

ಭಾನುವಾರ ಎಲ್ಲೂ ನಿಲ್ಲದೆ ಮೇಲೆ ತನಕ ಹತ್ತಿದೆ, ಸಖತ್ ಖುಷಿ ಆಯ್ತು. ಟೇಪ್, ಸ್ಕೇಲ್ ಐಡಿಯಾ ಕೊಟ್ಟ ಇಬ್ಬರಿಗೂ ತುಂಬಾ ಥ್ಯಾಂಕ್ಸ್.