ಕಿವಿ ಕೇಳದ ನಾಯಿಮರಿಗೆ ಹೇಗೆ ಕಲಿಸುವುದು? ಮನೆ ಮುಂದೆಯೇ ಹೆದ್ದಾರಿ ಇದೆ

ಸಂತೆಕಟ್ಟೆಯವಳು:

ಉಡುಪಿಯ ಸಂತೆಕಟ್ಟೆಯಲ್ಲಿ ನಮ್ಮ ಮನೆ. ಜುಲೈ ತಿಂಗಳ ಜೋರು ಮಳೆಯಲ್ಲಿ ಹೆದ್ದಾರಿ ಪಕ್ಕದ ಮುಚ್ಚಿದ ಗೂಡಂಗಡಿಯ ಅಡಿಯಲ್ಲಿ ಒಂದು ಮರಿ ಸಿಕ್ಕಿತು. ಈಗ ಸುಮಾರು ಐದು ತಿಂಗಳಿರಬಹುದು. ಮೈಯೆಲ್ಲ ಬಿಳಿ. ಎಡಗಿವಿಯ ಬುಡದಲ್ಲಿ ಮಾತ್ರ ಒಂದು ಕಂದು ಬೊಟ್ಟು. ಅಮ್ಮ ಬೊಳ್ಳು ಅಂತ ಹೆಸರಿಟ್ಟರು.

ಅಷ್ಟಮಿಗೆ ಹುಲಿವೇಷದವರು ಅಂಗಳಕ್ಕೆ ಬಂದರು. ತಾಸೆಯ ಬಡಿತ ಶುರುವಾದದ್ದೇ ಪಕ್ಕದ ಮನೆಯ ನಾಯಿ ಮಂಚದಡಿ ಸೇರಿತು. ಬೊಳ್ಳು ಜಗಲಿಯ ಗೋಣಿಯ ಮೇಲೆ ಹಾಯಾಗಿ ಮಲಗಿದ್ದ. ಆಗ ನಮಗೆ ಅನುಮಾನ ಬಂತು. ಡಾಕ್ಟರೂ ನೋಡಿ ಹುಟ್ಟಿನಿಂದಲೇ ಕೇಳಿಸದಿರಬಹುದು ಎಂದರು.

ಕಳೆದ ವಾರ ಅಮ್ಮ ಮಲಗಿದ್ದವನ ಬೆನ್ನು ಸವರಲು ಹೋದಾಗ ತಿರುಗಿ ಕೈಗೆ ಬಾಯಿ ಹಾಕಿದ. ಗಾಯ ಏನೂ ಆಗಲಿಲ್ಲ. ಆದರೆ ಅಕ್ಕಪಕ್ಕದವರು "ಇದನ್ನು ಇಟ್ಟುಕೊಳ್ಳಬೇಡಿ, ನಾಳೆ ಕಚ್ಚುತ್ತದೆ" ಅನ್ನುತ್ತಿದ್ದಾರೆ. ಗೇಟು ತೆರೆದರೆ ಎದುರಿಗೇ ಹೆದ್ದಾರಿ. ಕೂಗಿ ಕರೆಯಲು ಆಗುವುದಿಲ್ಲ. ರಾತ್ರಿ ನನಗೆ ನಿದ್ದೆಯೇ ಬರುತ್ತಿಲ್ಲ. ಕೊರಳಲ್ಲಿ ನಡುಗಿ ಕರೆಯುವ ವೈಬ್ರೇಶನ್ ಕಾಲರ್ ತರಿಸಲಾ? ಎಲ್ಲಿಂದ ಶುರು ಮಾಡಲಿ?

ಕುಳಾಯಿ ಅಕ್ಕ:

ನನ್ನ ಚುಕ್ಕಿಗೆ ಈಗ ಏಳು ವರ್ಷ. ಅವಳೂ ಹುಟ್ಟಿನಿಂದಲೇ ಕಿವುಡಿ, ಬೀದಿಯಲ್ಲಿ ಸಿಕ್ಕಿದವಳು. ಬೊಳ್ಳುವನ್ನು ದಯವಿಟ್ಟು ಬಿಡಬೇಡಿ.

ಅವನು ಕಚ್ಚುವ ನಾಯಿ ಅಲ್ಲ, ಬೆಚ್ಚಿಬಿದ್ದ ಮರಿ. ನಿದ್ದೆಯಲ್ಲಿರುವಾಗ ಯಾರಾದರೂ ಗಪ್ಪಂತ ಮುಟ್ಟಿದರೆ ನಾವೂ ಕೈ ಬೀಸುತ್ತೇವೆ ಅಲ್ವಾ? ಬೇರೆ ನಾಯಿಗೆ ನಮ್ಮ ಹೆಜ್ಜೆ ಸದ್ದು ಮೊದಲೇ ಕೇಳುತ್ತದೆ. ಇವನಿಗೆ ಅದು ಇಲ್ಲ. ಆದರೂ ಅಮ್ಮನ ಕೈಯನ್ನು ಇನ್ನೊಮ್ಮೆ ಬೆಳಕಿನಲ್ಲಿ ನೋಡಿ. ಸಣ್ಣ ಗೀರು ಇದ್ದರೂ ಸೋಪು ಹಾಕಿ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿಗೆ ಇವತ್ತೇ ಹೋಗಿ. ಮನೆಯ ಮರಿ ಅಂತ ಸುಮ್ಮನಿರಬೇಡಿ. ಬೊಳ್ಳುವಿಗೂ ಆ ಲಸಿಕೆ ಆಗಿರಬೇಕು.

ಎಬ್ಬಿಸುವುದನ್ನು ಮೀನಿನಿಂದ ಕಲಿಸಿ. ಬೂತಾಯಿಯನ್ನು ಉಪ್ಪು ಹಾಕದೆ ಬೇಯಿಸಿ, ಮುಳ್ಳು ಪೂರ್ತಿ ತೆಗೆದು, ಉಗುರಿನಷ್ಟು ಚೂರು ಮಾಡಿಟ್ಟುಕೊಳ್ಳಿ. ಒಣಮೀನು ಬೇಡ, ಅದರಲ್ಲಿ ಉಪ್ಪು ಜಾಸ್ತಿ. ಅವನು ಮಲಗಿರುವಾಗ ಮೂಗಿನಿಂದ ಒಂದು ಗೇಣು ದೂರದಲ್ಲಿ ಚೂರನ್ನು ಹಿಡಿಯಿರಿ. ಮೊದಲು ಹೊಳ್ಳೆ ಅಲುಗುತ್ತದೆ. ಆಮೇಲೆ ಮೀಸೆ. ಆಮೇಲೆ ಒಂದು ಕಣ್ಣು ಅರ್ಧ ತೆರೆಯುತ್ತದೆ. ಆಗ ಭುಜದ ಮೇಲೆ ಮೆಲ್ಲಗೆ ಎರಡು ಬೆರಳು ಇಟ್ಟು ಚೂರು ಕೊಡಿ. ಹೀಗೆ ಹತ್ತು ಹನ್ನೆರಡು ದಿನ ಆದ ಮೇಲೆ ಮೊದಲು ಬೆರಳು, ತಕ್ಷಣ ಮೀನು. ಚುಕ್ಕಿಗೆ ಒಂದು ತಿಂಗಳು ಹಿಡಿಯಿತು. ಈಗ ಮುಟ್ಟಿದರೆ ಕಣ್ಣು ಬಿಡುವ ಮೊದಲೇ ಬಾಲ ಅಲ್ಲಾಡುತ್ತದೆ. ಅಲ್ಲಿಯವರೆಗೆ ಮಕ್ಕಳು ಮಲಗಿದ್ದವನ ಹತ್ತಿರ ಹೋಗಬಾರದು.

ಇನ್ನು ಮುಖ್ಯ ವಿಷಯ. ಕೂರು, ಮಲಗು ಎಲ್ಲ ಆಮೇಲೆ. ತಿರುಗಿ ನಿಮ್ಮ ಮುಖ ನೋಡುವುದು ಮೊದಲ ಪಾಠ. ಅವನು ನೋಡದಿದ್ದರೆ ನಿಮ್ಮ ಯಾವ ಸನ್ನೆಯೂ ಅವನಿಗೆ ಇಲ್ಲ. ಅಂಗಳದಲ್ಲಿ ಸುಮ್ನೆ ನಿಂತುಕೊಳ್ಳಿ. ಅವನು ತಾನಾಗಿ ನಿಮ್ಮ ಕಡೆ ನೋಡಿದ ಆ ಕ್ಷಣಕ್ಕೇ ಹೆಬ್ಬೆರಳು ಎತ್ತಿ, ತಿಂಡಿ ಕೊಡಿ. ಮೊದಲ ದಿನ ಅರ್ಧ ಗಂಟೆಯಲ್ಲಿ ಎರಡು ಸಲ ನೋಡಿದರೆ ಅದೇ ದೊಡ್ಡದು. ಚುಕ್ಕಿ ಈಗ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಾಳೆ. ಬೆಳಿಗ್ಗೆ ಪಣಂಬೂರು ಕಡಲ ಬದಿಯಲ್ಲಿ ಆ ಮುಖ ತಿರುಗಿದಾಗಲೆಲ್ಲ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಸನ್ನೆಗಳನ್ನು ಒಂದೇ ಕೈಯಲ್ಲಿ ಮಾಡುವ ಹಾಗೆ ಆರಿಸಿ. ನಮ್ಮ ಕಡೆ ನಾಲ್ಕು ತಿಂಗಳು ಇನ್ನೊಂದು ಕೈಯಲ್ಲಿ ಕೊಡೆ ಇರುತ್ತದೆ! ನಾನು ಮೊದಲು ಎರಡೂ ಕೈ ಚಾಚಿ "ಬಾ" ಅಂತ ಕಲಿಸಿದ್ದೆ. ಜೂನ್ ಬಂದಾಗ ಎಲ್ಲ ಹೊಸದಾಗಿ ಕಲಿಸಬೇಕಾಯಿತು. ಮನೆಯವರೆಲ್ಲ ಒಂದೇ ಸನ್ನೆ ಮಾಡಬೇಕು. ಬಾಯಲ್ಲೂ ಹೇಳಿ. ಹೇಳುವಾಗ ನಮ್ಮ ಮುಖ ತಾನಾಗಿ ಬದಲಾಗುತ್ತದೆ, ಅದನ್ನು ಅವು ಓದುತ್ತವೆ. ಕತ್ತಲಾದರೆ ಜಗಲಿಯ ದೀಪವನ್ನು ಎರಡು ಸಲ ಹಾಕಿ ಆರಿಸಿ. ನೆಲಕ್ಕೆ ಕಾಲು ಬಡಿದು ಕರೆಯಿರಿ ಅಂತ ಕೆಲವರು ಹೇಳುತ್ತಾರೆ. ನಮ್ಮ ಸಿಮೆಂಟಿನ ನೆಲದಲ್ಲಿ ಅದು ನಡೆಯಲಿಲ್ಲ, ಮರದ ಅಟ್ಟದಲ್ಲಿ ಮಾತ್ರ ಅವಳಿಗೆ ಗೊತ್ತಾಗುತ್ತಿತ್ತು.

ಹೊರಗೆ ಯಾವಾಗಲೂ ಹಗ್ಗ. ಕುತ್ತಿಗೆಗೆ ಬೇಡ, ಎದೆಪಟ್ಟಿಗೆ ಕಟ್ಟಿ. ಇನ್ನೊಂದು ಮಾತು. ಮನೆಯಲ್ಲಿ ಕಾರು ಇದ್ದರೆ ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ಅಡಿಯಲ್ಲಿ ನೋಡಿ. ಬೇರೆ ನಾಯಿಗಳು ಎಂಜಿನ್ ಸದ್ದಿಗೆ ಎದ್ದು ಹೋಗುತ್ತವೆ. ಇವನು ಏಳುವುದಿಲ್ಲ. ನಾನು ದಿನಾ ನೋಡುತ್ತೇನೆ.

ಮಣ್ಣಗುಡ್ಡೆ:

ಪಶುವೈದ್ಯ ಓದುತ್ತಿದ್ದೇನೆ. ಬಿಳಿ ಬಣ್ಣಕ್ಕೂ ಕಿವುಡಿಗೂ ನಂಟಿದೆ. ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯಲ್ಲೂ ಬೇಕು. ಅವು ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಸದ್ದನ್ನು ಗ್ರಹಿಸುವ ಜೀವಕೋಶಗಳು ಸಾಯುತ್ತವೆ. ಡಾಲ್ಮೇಶಿಯನ್ ತಳಿಯಲ್ಲಿ ಇದು ಬಹಳ ಜಾಸ್ತಿ. ಬಿಳಿ ನಾಯಿಗಳೆಲ್ಲ ಕಿವುಡು ಅಂತ ಅಲ್ಲ. ಹುಟ್ಟಿನಿಂದ ಬಂದದ್ದಾದರೆ ಔಷಧಿಯಿಂದ ಸರಿಹೋಗುವುದಿಲ್ಲ. ಬೇರೆಯವರ ಮಾತು ಕೇಳಿ ಅಂಗಡಿಯಿಂದ ಕಿವಿಗೆ ಹನಿ ತಂದು ಹಾಕಬೇಡಿ. ಕಿವಿಯ ತಮಟೆ ತೂತಾಗಿದ್ದರೆ ಕೆಲವು ಔಷಧಿಗಳು ಒಳಗಿವಿಯನ್ನೇ ಹಾಳು ಮಾಡುತ್ತವೆ. ಆದರೆ ನಮ್ಮ ಸೆಕೆ, ತೇವಕ್ಕೆ ಕಿವಿಯಲ್ಲಿ ಬೂಷ್ಟು ಸೋಂಕು ಬೇಗ ಹಿಡಿಯುತ್ತದೆ. ವಾಸನೆ ಬಂದರೆ, ತಲೆ ಕೊಡವುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಕಾಪು ಕಡಲು:

ವೈಬ್ರೇಶನ್ ಕಾಲರ್ ನಾವು ಬಳಸುತ್ತೇವೆ. ಕರೆಂಟ್ ಹೊಡೆಯುವುದನ್ನು ಮಾತ್ರ ತರಬೇಡಿ. ಎರಡೂ ಕೆಲಸ ಮಾಡುವ ಕಾಲರ್ ಸಿಗುತ್ತದೆ, ನೋಡಿ ತೆಗೆದುಕೊಳ್ಳಿ. ಮೊದಲು ಅಕ್ಕ ಹೇಳಿದ ನೋಡುವ ಪಾಠ ಆಗಲಿ. ಆಮೇಲೆ ಕಾಲರ್ ನಡುಗಿದರೆ ತಿಂಡಿ, ನಡುಗಿದರೆ ತಿಂಡಿ. ಬೈಯಲು ಯಾವತ್ತೂ ಬಳಸಬೇಡಿ. ಮಳೆಗೆ ಒದ್ದೆಯಾದರೆ ಅದರಡಿಯ ಚರ್ಮ ಕೆಂಪಾಗುತ್ತದೆ, ರಾತ್ರಿ ಬಿಚ್ಚಿಡಿ. ಇನ್ನೊಂದು, ಅವನ ಕೊರಳಿಗೆ ಒಂದು ಗೆಜ್ಜೆ ಕಟ್ಟಿ. ಅವನಿಗೆ ನೀವು ಕೇಳಿಸುವುದಿಲ್ಲ, ನಿಮಗೆ ಅವನು ಕೇಳಿಸಲಿ.

ಸಂತೆಕಟ್ಟೆಯವಳು:

ಮೂರು ವಾರ ಆಯಿತು. ಅಮ್ಮನ ಕೈಯಲ್ಲಿ ಗೀರು ಇರಲಿಲ್ಲ, ಬೊಳ್ಳುವಿಗೆ ಲಸಿಕೆ ಆಗಿದೆ. ಗೆಜ್ಜೆ ಅಮ್ಮನೇ ತಂದರು. ಈಗ ಮಧ್ಯಾಹ್ನ ಅವನನ್ನು ಎಬ್ಬಿಸುವುದು ಅವರ ಕೆಲಸ. ಬೇರೆಯವರಿಗೆ ಬಿಡುವುದಿಲ್ಲ.

ನಿನ್ನೆ ಗ್ಯಾಸ್ ತಂದವರು ಗೇಟು ತೆರೆದಿಟ್ಟು ಹೋಗಿದ್ದರು. ನಾನು ಬಾವಿಕಟ್ಟೆ ಹತ್ತಿರ ಇದ್ದೆ. ಗೆಜ್ಜೆ ಸದ್ದು ಗೇಟಿನ ಕಡೆ ಓಡಿತು. ನನ್ನ ಕೈಕಾಲು ತಣ್ಣಗಾಯಿತು. ಗೇಟಿನ ಹತ್ತಿರ ಬೊಳ್ಳು ನಿಂತ. ತಿರುಗಿ ನೋಡಿದ. ಕೊಡಪಾನ ಅಲ್ಲೇ ಬಿಟ್ಟು ಒಂದು ಕೈ ಎತ್ತಿದೆ. ಬಂದ! ಅಲ್ಲೇ ಕುಳಿತು ಅತ್ತುಬಿಟ್ಟೆ. ಇವತ್ತು ಗೇಟಿಗೆ ತಾನಾಗಿ ಮುಚ್ಚುವ ಸ್ಪ್ರಿಂಗ್ ಹಾಕಿಸಿದೆವು.

ಒಂದು ಪ್ರಶ್ನೆ ಅಕ್ಕ. ಸೋಮವಾರ ನಮ್ಮಲ್ಲಿ ಮೀನು, ಮೊಟ್ಟೆ ಏನೂ ಮಾಡುವುದಿಲ್ಲ. ಆ ದಿನ ಏನು ಕೊಡಲಿ?

ಕುಳಾಯಿ ಅಕ್ಕ:

ಬೇಯಿಸಿದ ಗೆಣಸು, ಸಣ್ಣ ಚೂರು ಮಾಡಿ. ಚುಕ್ಕಿ ಅದಕ್ಕೂ ತಿರುಗಿ ನೋಡುತ್ತಾಳೆ. ಬೊಳ್ಳುವಿನ ಒಂದು ಫೋಟೋ ಹಾಕಿ, ಆ ಕಿವಿಯ ಬೊಟ್ಟು ಕಾಣುವ ಹಾಗೆ.