ಆರ್‌ಡಿಎಸ್: ಒಂದು ಟೇಬಲ್ ಮಾತ್ರ ಬೆಳಿಗ್ಗೆ ಇದ್ದಂತೆ ಮಾಡಬಹುದಾ?

ಮಂಡಿಲೆಕ್ಕ:
ನಮಸ್ಕಾರ. ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಅಮೆಜಾನ್ ಆರ್‌ಡಿಎಸ್‌ನಲ್ಲಿದೆ, ಅಂದರೆ ಅಮೆಜಾನ್ ಬಾಡಿಗೆಗೆ ಕೊಡುವ ಡೇಟಾಬೇಸ್ ಸರ್ವರ್‌ನಲ್ಲಿ. ಮೈಎಸ್‌ಕ್ಯೂಎಲ್ 8.0, ಮುಂಬೈ ರೀಜನ್. ಇವತ್ತು ಬೆಳಿಗ್ಗೆ 11:40ರ ಹೊತ್ತಿಗೆ ಹೊಸದಾಗಿ ಸೇರಿದ ಹುಡುಗ ಒಂದು ಲಾಟಿನ ಧಾರಣೆ ತಿದ್ದಲು ಹೋಗಿ ಯಾವ ಸಾಲು ಎಂದು ಹೇಳುವ ವೇರ್ (WHERE) ಇಲ್ಲದೆ ಅಪ್‌ಡೇಟ್ ಓಡಿಸಿದ್ದಾನೆ. ಎಲ್ಲ ಲಾಟಿಗೂ ಒಂದೇ ಧಾರಣೆ ಕೂತುಬಿಟ್ಟಿದೆ. ಕಡಿಮೆ ಬೆಲೆಯ ಗೊರಬಲು ಅಡಿಕೆಗೂ ದುಬಾರಿ ರಾಶಿ ಅಡಿಕೆಯ ರೇಟು! ರೈತರಿಗೆ ಖುಷಿ, ನಮ್ಮ ಯಜಮಾನರು ಮಾತ್ರ ಕೆಂಡ.

ಗೊತ್ತಾಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅಷ್ಟರಲ್ಲಿ ಹೊಸ ಲಾಟುಗಳೂ ಎಂಟ್ರಿ ಆಗಿವೆ. ಕನ್ಸೋಲ್‌ನಲ್ಲಿ 'ರಿಸ್ಟೋರ್ ಟು ಪಾಯಿಂಟ್ ಇನ್ ಟೈಮ್' ಅಂತ ಕಾಣುತ್ತದೆ. ಒತ್ತಿದರೆ ಈಗಿರುವುದೆಲ್ಲ ಅಳಿಸಿಹೋಗುತ್ತದಾ? ಅದೇ ಭಯಕ್ಕೆ ಕೈ ಹಾಕಿಲ್ಲ.

ಕೊಪ್ಪದ ಡಿಬಿಎ:
ಭಯ ಬೇಡ, ಒತ್ತಿ. ಆರ್‌ಡಿಎಸ್‌ನಲ್ಲಿ ರಿಸ್ಟೋರ್ ಅಂದರೆ ಯಾವಾಗಲೂ ಹೊಸ ಸರ್ವರ್. ಬೇರೆ ಹೆಸರು, ಬೇರೆ ಎಂಡ್‌ಪಾಯಿಂಟ್ (ಅಪ್ಲಿಕೇಶನ್ ಸಂಪರ್ಕಿಸುವ ವಿಳಾಸ). ಈಗ ಓಡುತ್ತಿರುವುದನ್ನು ಅದು ಮುಟ್ಟುವುದೇ ಇಲ್ಲ.

ಆದರೆ ಮೊದಲು ಬ್ಯಾಕಪ್ ರಿಟೆನ್ಷನ್, ಅಂದರೆ ಬ್ಯಾಕಪ್ ಉಳಿಸಿಕೊಳ್ಳುವ ಅವಧಿ, ಎಷ್ಟು ದಿನ ಇದೆ ನೋಡಿ. ಸೊನ್ನೆ ಇದ್ದರೆ ಆಟೊಮ್ಯಾಟಿಕ್ ಬ್ಯಾಕಪ್ಪೇ ಇಲ್ಲ ಎಂದರ್ಥ, ಮಾತು ಅಲ್ಲಿಗೇ ಮುಗಿಯಿತು. ಸೊನ್ನೆ ಅಲ್ಲದಿದ್ದರೆ ಬದುಕಿಕೊಂಡಿರಿ, ನಿಮಗೆ ಬೇಕಾಗಿರುವುದು ಇವತ್ತು ಬೆಳಿಗ್ಗೆಯದು ತಾನೇ.

ಇನ್ನು ಸರಿಯಾದ ಸಮಯ. 'ಹನ್ನೊಂದೂ ನಲವತ್ತರ ಹೊತ್ತಿಗೆ' ಎಂದರೆ ಸಾಲದು. ಲಾಟ್ ಟೇಬಲ್‌ನಲ್ಲಿ ತಾನಾಗಿಯೇ ಬದಲಾಗುವ 'ಅಪ್‌ಡೇಟೆಡ್ ಅಟ್' ಕಾಲಂ ಇದೆಯಾ? ಇದ್ದರೆ ಅದರ ಮೇಲೆ ಗ್ರೂಪ್ ಬೈ ಹಾಕಿ ಎಣಿಸಿ. ಸಾವಿರಾರು ಸಾಲುಗಳಿಗೆ ಒಂದೇ ಸೆಕೆಂಡ್ ಬಂದಿದ್ದರೆ ಹುಡುಗ ಎಂಟರ್ ಒತ್ತಿದ ಗಳಿಗೆ ಅದೇ. ಸರ್ವರ್‌ನ ಟೈಮ್ ಝೋನ್ ನೀವು ಬದಲಾಯಿಸಿಲ್ಲ ಎಂದರೆ ಅದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ತೋರಿಸುತ್ತದೆ. ನಮ್ಮ 11:40 ಅಲ್ಲಿ 06:10. ಕನ್ಸೋಲ್‌ನಲ್ಲಿ ನಮ್ಮ ಸಮಯವನ್ನೇ ಕೊಡಬಹುದು, ಕಮ್ಯಾಂಡ್ ಲೈನ್‌ನಲ್ಲಾದರೆ ಯುಟಿಸಿ ಕೊಡಿ. ಐದೂವರೆ ಗಂಟೆ ತಪ್ಪಿ ರಿಸ್ಟೋರ್ ಮಾಡಿ, 'ಡೇಟಾ ಇನ್ನೂ ಹಾಳಾಗಿಯೇ ಇದೆ' ಎಂದು ಕೂತವರನ್ನು ನೋಡಿದ್ದೇನೆ.

ರಿಸ್ಟೋರ್ ಫಾರ್ಮಿನಲ್ಲಿ ಸೆಕ್ಯೂರಿಟಿ ಗ್ರೂಪ್ (ಯಾರು ಸಂಪರ್ಕಿಸಬಹುದು ಎಂಬ ನಿಯಮ), ಪ್ಯಾರಾಮೀಟರ್ ಗ್ರೂಪ್ (ಡೇಟಾಬೇಸ್ ಸೆಟ್ಟಿಂಗ್‌ಗಳು) ಎರಡನ್ನೂ ನೀವೇ ಆರಿಸಿ. ಸುಮ್ನೆ ಬಿಟ್ಟರೆ ಡೀಫಾಲ್ಟ್ ಬಂದು ಕೂರುತ್ತದೆ.

ರಾತ್ರಿಪಾಳಿ:
ಇಷ್ಟೆಲ್ಲ ಯಾಕೆ? ರಿಸ್ಟೋರ್ ಆದಮೇಲೆ ಹಳೆ ಸರ್ವರ್‌ಗೆ ಬೇರೆ ಹೆಸರಿಟ್ಟು, ಹಳೆ ಹೆಸರನ್ನು ಹೊಸದಕ್ಕೆ ಕೊಟ್ಟರೆ ಮುಗಿಯಿತಲ್ವಾ? ಎಂಡ್‌ಪಾಯಿಂಟ್ ಅದೇ ಇರುತ್ತದೆ, ಅಪ್ಲಿಕೇಶನ್ ಮುಟ್ಟಬೇಕಾಗಿಲ್ಲ.

ಕೊಪ್ಪದ ಡಿಬಿಎ:
ಇಡೀ ಡೇಟಾಬೇಸ್ ಹೋಗಿದ್ದರೆ ಅದೇ ದಾರಿ. ಇವರದ್ದು ಹಾಗಲ್ಲ. ಆಮೇಲೆ ಬಂದ ಲಾಟುಗಳು ಹೊಸ ಸರ್ವರ್‌ನಲ್ಲಿ ಇರುವುದಿಲ್ಲ. ಆ ರೈತರ ಕೈಯಲ್ಲಿ ಚೀಟಿ ಇದೆ, ಲೆಕ್ಕದಲ್ಲಿ ಲಾಟೇ ಇಲ್ಲ ಎಂದಾದರೆ ಮಂಡಿಯಲ್ಲಿ ಗಲಾಟೆ ಆಗುತ್ತದೆ.

ಹೊಸ ಸರ್ವರ್‌ನಿಂದ ಲಾಟ್ ಟೇಬಲ್ ಒಂದನ್ನೇ ಮೈಎಸ್‌ಕ್ಯೂಎಲ್ ಡಂಪ್‌ನಲ್ಲಿ ಒಂದು ಫೈಲಾಗಿ ತೆಗೆಯಿರಿ. ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಹೋಗಿ. ಡಂಪ್ ಫೈಲನ್ನು ತೆರೆದು ನೋಡಿದರೆ ಮೇಲ್ಗಡೆಯೇ 'ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್' ಎಂಬ ಸಾಲು ಸಿಗುತ್ತದೆ. ಬೇಡ ಎಂದು ಹೇಳದಿದ್ದರೆ ಅದು ಬಂದೇ ಬರುತ್ತದೆ. ಈ ಫೈಲನ್ನು ನೇರವಾಗಿ ಲೈವ್ ಡೇಟಾಬೇಸಿಗೆ ಸುರಿದರೆ ಈಗಿನ ಟೇಬಲ್ ಹೊಸ ಲಾಟುಗಳ ಸಮೇತ ಹೋಗುತ್ತದೆ. ಅದಕ್ಕೇ ಲೈವ್ ಸರ್ವರ್‌ನಲ್ಲಿ 'ಹಳೆ' ಎಂದು ಬೇರೆ ಡೇಟಾಬೇಸ್ ಮಾಡಿ, ಅದರೊಳಗೆ ಸುರಿಯಿರಿ.

ಆಮೇಲೆ ಎರಡೂ ಟೇಬಲ್‌ಗಳನ್ನು ಐಡಿ ಮೇಲೆ ಜಾಯಿನ್ ಮಾಡಿ ಧಾರಣೆ ಅಪ್‌ಡೇಟ್ ಮಾಡಿ. ಈ ಸಲ ವೇರ್ ಇರಲಿ! ವೇರ್‌ನಲ್ಲಿ ಆ ಸೆಕೆಂಡನ್ನೇ ಹಾಕಿ. 'ಅಪ್‌ಡೇಟೆಡ್ ಅಟ್' ಇನ್ನೂ ಅದೇ ಸೆಕೆಂಡ್ ತೋರಿಸುವ ಸಾಲನ್ನು ಆಮೇಲೆ ಯಾರೂ ಮುಟ್ಟಿಲ್ಲ, ಅದನ್ನು ಧೈರ್ಯವಾಗಿ ಹಿಂದಕ್ಕೆ ತರಬಹುದು. ಅದಕ್ಕಿಂತ ಈಚಿನ ಸಮಯ ಇದ್ದರೆ ಯಾರೋ ಕೈಯಾರೆ ತಿದ್ದಿದ್ದಾರೆ ಅಥವಾ ಹೊಸ ಲಾಟು. ಅವನ್ನು ಚೀಟಿ ಇಟ್ಟುಕೊಂಡು ಒಂದೊಂದಾಗಿ ನೋಡಿ. ಧಾರಣೆ ಜೊತೆಗೆ 'ಅಪ್‌ಡೇಟೆಡ್ ಅಟ್' ಅನ್ನೂ ಹಳೆಯದರಿಂದಲೇ ತುಂಬಿ. ಇಲ್ಲದಿದ್ದರೆ ಎಲ್ಲಕ್ಕೂ ಇವತ್ತು ಸಂಜೆಯ ಸಮಯ ಬೀಳುತ್ತದೆ.

ಮಂಡಿಲೆಕ್ಕ:
ರಿಟೆನ್ಷನ್ 7 ದಿನ ಇತ್ತು, ಬಚಾವ್. ಎಣಿಸಿದಾಗ 06:11:24 ಸಿಕ್ಕಿತು. 11:41:00ಕ್ಕೆ ರಿಸ್ಟೋರ್ ಕೊಟ್ಟೆ, ಹೊಸ ಸರ್ವರ್ ಬಂತು. ಆದರೆ ಡಂಪ್ ಆಮೆ ಥರ ಹೋಗುತ್ತಿದೆ. ಅದೇ ಸೈಜಿನ ಮಷೀನು, ಮೇಲೆ ಯಾವ ಲೋಡೂ ಇಲ್ಲ. ಇದೇನು ಕತೆ?

ಕೊಪ್ಪದ ಡಿಬಿಎ:
ಅದು ಮಾಮೂಲು. 'ಅವೈಲಬಲ್' ಎಂದು ತೋರಿಸಿದರೂ ಡೇಟಾ ಪೂರ್ತಿ ಡಿಸ್ಕಿಗೆ ಬಂದಿರುವುದಿಲ್ಲ. ಯಾವ ಬ್ಲಾಕ್ ಕೇಳುತ್ತೀರೋ ಅದನ್ನು ಆಗ ಅಮೆಜಾನ್‌ನ ಸಂಗ್ರಹ ಸೇವೆಯಾದ ಎಸ್3ಯಿಂದ ಎಳೆದು ತರುತ್ತದೆ. ಮೊದಲ ಓದು ನಿಧಾನ, ಎರಡನೆಯದು ಸರಿ ಇರುತ್ತದೆ. ಕಾಯಿರಿ.

ರಾತ್ರಿಪಾಳಿ:
ನಮ್ಮಲ್ಲಿ ಮಲ್ಟಿ ಎಝಡ್ ಹಾಕಿದ್ದೇವೆ, ಬೇರೆ ಡೇಟಾ ಸೆಂಟರ್‌ನಲ್ಲಿ ಇನ್ನೊಂದು ಸ್ಟ್ಯಾಂಡ್‌ಬೈ ಸರ್ವರ್ ಸದಾ ಸಿದ್ಧವಿರುತ್ತದೆ, ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ.

ಕೊಪ್ಪದ ಡಿಬಿಎ:
ಕೆಡಿಸಿಕೊಳ್ಳಿ ಸ್ವಾಮಿ. ಇಲ್ಲಿ ಓಡಿದ ಅಪ್‌ಡೇಟ್ ಸ್ಟ್ಯಾಂಡ್‌ಬೈಗೂ ಆಗಲೇ ಹೋಗಿರುತ್ತದೆ. ಮಲ್ಟಿ ಎಝಡ್ ಇರುವುದು ಮಷೀನ್ ಸತ್ತರೆ, ಕೈ ತಪ್ಪಿದರೆ ಅಲ್ಲ.

ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿ ಇರುವವರಿಗೂ ಒಂದು ಮಾತು. 2017ರ ಜನವರಿ 31ರಂದು ಪ್ರೋಗ್ರಾಂ ಕೋಡ್ ಇಡುವ ಸೇವೆಯಾದ ಗಿಟ್‌ಲ್ಯಾಬ್‌ನವರ ಡೇಟಾಬೇಸ್ ಹೋಯಿತು, ಅವರೇ ಎಲ್ಲವನ್ನೂ ಬಿಚ್ಚಿ ಬರೆದಿದ್ದಾರೆ. ದಿನವೂ ಡಂಪ್ ಆಗುತ್ತಿದೆ ಎಂದುಕೊಂಡಿದ್ದರು. ಸರ್ವರ್ ಪೋಸ್ಟ್‌ಗ್ರೆಸ್ (ಮೈಎಸ್‌ಕ್ಯೂಎಲ್‌ನಂಥ ಇನ್ನೊಂದು ಡೇಟಾಬೇಸ್) 9.6, ಡಂಪ್ ಮಾಡುವ ಪ್ರೋಗ್ರಾಂ 9.2, ಹಾಗಾಗಿ ಅದು ಸುಮ್ನೆ ಫೇಲ್ ಆಗುತ್ತಿತ್ತು. ಫೇಲ್ ಆಯಿತು ಎಂದು ಹೇಳುವ ಮೇಲ್ ಕೂಡ ರಿಜೆಕ್ಟ್ ಆಗುತ್ತಿತ್ತು. ಕೊನೆಗೆ ಕೈಹಿಡಿದದ್ದು, ಬೇರೆ ಕೆಲಸಕ್ಕೆಂದು ಅದೃಷ್ಟಕ್ಕೆ ತೆಗೆದಿಟ್ಟಿದ್ದ ಆರು ಗಂಟೆ ಹಿಂದಿನ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಗಳಿಗೆಯ ಪ್ರತಿ. ನಾನಂತೂ ಆಗಾಗ ಒಂದು ರಿಸ್ಟೋರ್ ಮಾಡಿ, ಒಂದೆರಡು ಟೇಬಲ್ ಎಣಿಸಿ, ಅಳಿಸಿಹಾಕುತ್ತೇನೆ. ಖರ್ಚು ಆ ಕೆಲವು ಗಂಟೆಗಳದ್ದು ಮಾತ್ರ.

ಮಂಡಿಲೆಕ್ಕ:
ಆಯ್ತು ಸಾರ್, ಧಾರಣೆ ಎಲ್ಲ ವಾಪಸ್ ಬಂತು. ಚೀಟಿ ಹಿಡಿದು ನೋಡಬೇಕಾದವು ಸ್ವಲ್ಪವೇ ಇದ್ದವು. ಹುಡುಗನ ಲಾಗಿನ್‌ಗೆ ಓದುವ ಪರ್ಮಿಷನ್ ಮಾತ್ರ ಇಟ್ಟಿದ್ದೇನೆ, ತಿದ್ದುವುದೇನಿದ್ದರೂ ಇನ್ನು ಸ್ಕ್ರೀನ್‌ನಿಂದಲೇ. ಹೊಸ ಸರ್ವರ್ ಡಿಲೀಟ್ ಮಾಡಲು ಹೋದರೆ ಫೈನಲ್ ಸ್ನ್ಯಾಪ್‌ಶಾಟ್ ಬೇಕಾ ಎಂದು ಕೇಳುತ್ತಿದೆ.

ಕೊಪ್ಪದ ಡಿಬಿಎ:
ಈ ಸರ್ವರ್‌ಗೆ ಬೇಡ. ಡಿಲೀಟ್ ಒತ್ತುವ ಮುಂಚೆ ಲೈವ್ ಸರ್ವರ್‌ಗೆ ಡಿಲೀಷನ್ ಪ್ರೊಟೆಕ್ಷನ್ ಹಾಕಿ, ಹೆಸರು ಎರಡು ಸಲ ಓದಿ. 'ಹಳೆ' ಡೇಟಾಬೇಸನ್ನು ಮಾತ್ರ ಇವತ್ತೇ ತೆಗೆಯಬೇಡಿ. ಮಂಡಿಯ ವಾರದ ಲೆಕ್ಕ ತಾಳೆಯಾಗಲಿ, ಆಮೇಲೆ ತೆಗೆಯಿರಿ.