ಸಸ್ಯ ವೈರಸ್ ಸಂಶೋಧನೆಯೋ, ಬೀಜ ಕಂಪನಿಯ ಕೆಲಸವೋ? ಅನುಭವಸ್ಥರು ತಿಳಿಸಿ

ಹೊಸ ಸಸಿ: ಸಸ್ಯರೋಗಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಗಿಡ ಹೂ ಬಿಡದಂತೆ ಮಾಡುವ, ತೊಗರಿಯ ಗೊಡ್ಡು ರೋಗದ ನಿರೋಧಕತೆಯ ಮೇಲೆ ಪಿಎಚ್.ಡಿ. ಸೀಟು ಸಿಕ್ಕಿದೆ, ಅದೇ ವಾರ ಬೀಜ ಕಂಪನಿಯೊಂದರಿಂದಲೂ ಕರೆ ಬಂದಿದೆ. ಮನೆಯಲ್ಲಿ ಸಾಲವಿದೆ, ತಂಗಿಯ ಓದು ಬಾಕಿಯಿದೆ. ಈ ದಾರಿಯಲ್ಲಿ ನಡೆದವರು ತಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ತೊಗರಿ ಹೊಲ: ಇದೇ ರೋಗದ ಮೇಲೆ ನಾನು ಏಳು ವರ್ಷ ಕಳೆದಿದ್ದೇನೆ. 1931ರಲ್ಲಿ ಬಿಹಾರದ ಪೂಸಾದಲ್ಲಿ ದಾಖಲಾದ ರೋಗಕ್ಕೆ ಕಾರಣವಾದ ವೈರಸ್ಸನ್ನು ಗುರುತಿಸಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತೆಂಬುದನ್ನು ಸೇರಿದ ದಿನವೇ ಯಾರಾದರೂ ನನಗೆ ಬಿಡಿಸಿ ಹೇಳಬೇಕಿತ್ತು. ರೋಗ ಹರಡುವ ನುಸಿ ಬರಿಗಣ್ಣಿಗೆ ಕಾಣುವುದಿಲ್ಲ. ಯಾವ ಸಸಿ ರೋಗ ತಡೆಯುತ್ತದೆಂದು ತಿಳಿಯಲು, ರೋಗದ ಎಲೆಯನ್ನು ಎಳೆಯ ಸಸಿಯ ಎಲೆಗೆ ಸ್ಟೇಪ್ಲರ್ ಪಿನ್ನಿನಿಂದ ಸೇರಿಸಿ, ನುಸಿ ತಾನಾಗಿ ದಾಟಲಿ ಎಂದು ಕಾಯಬೇಕು. ಮೂರನೇ ವರ್ಷದ ಏಪ್ರಿಲ್ ಬಿಸಿಲಿಗೆ ಸಾಕಿದ್ದ ನುಸಿಗಳೆಲ್ಲ ಸತ್ತು, 1,140 ಸಸಿಗಳೂ ಹಚ್ಚಗೆ ನಿಂತವು. ರೋಗವೇ ತಗುಲದ ಆ ಹಸಿರನ್ನು ನೋಡಿ ನಾನು ಅತ್ತೆ. ಮರುವರ್ಷ ಸಂಕ್ರಾಂತಿ ರಜೆಯಲ್ಲಿ ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ ಹಾಕಿಸುವವರಿಲ್ಲದೆ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿದ್ದ 312 ಮಾದರಿಗಳು ಕರಗಿದವು. ಫೆಲೋಶಿಪ್ ಹನ್ನೊಂದು ತಿಂಗಳು ಬರಲಿಲ್ಲ. ಅಮ್ಮನ ಬಳೆ ಅಡವಿಟ್ಟು ವೈರಸ್ ಪತ್ತೆಯ ಕಿಟ್ಟಿಗೂ ಪ್ರೈಮರ್ ಎಂಬ ರಾಸಾಯನಿಕಕ್ಕೂ 38,000 ರೂಪಾಯಿ ಕಟ್ಟಿದೆ. ಆದರೂ ನಾನು ಗುರುತಿಸಿದ ಎರಡು ತಳಿ ಸಾಲುಗಳು, ಹೈದರಾಬಾದ್ ಬಳಿಯ ಪಟಾನ್‌ಚೆರುವಿನದಕ್ಕಿಂತ ಉಗ್ರವಾದ ಬೆಂಗಳೂರಿನ ವೈರಸ್ ಬಗೆಯ ಎದುರಿಗೂ ಇಂದಿಗೂ ತಡೆದು ನಿಂತಿವೆ.

ಬೀಜದವನು: ನಾನು ಎರಡನೇ ವರ್ಷಕ್ಕೆ ಪಿಎಚ್.ಡಿ. ಬಿಟ್ಟೆ, ಪಶ್ಚಾತ್ತಾಪವಿಲ್ಲ. 1999ರಲ್ಲಿ ಕೋಲಾರದ ಕಡೆ ವೈರಸ್ ಹರಡುವ ಬಿಳಿ ನೊಣದ ಬಿ ಬಗೆ ಕಾಣಿಸಿಕೊಂಡ ಮೇಲೆ ಟೊಮೆಟೊ ಎಲೆ ಮುಟುರು ರೋಗ ಹೇಗೆ ಹಬ್ಬಿತೆಂಬುದನ್ನು ನಮ್ಮ ತೋಟದಲ್ಲೇ ಕಂಡವನು ನಾನು. ಕಾಡು ಟೊಮೆಟೊದಿಂದ ಬಂದ, ಈ ರೋಗ ತಡೆಯುವ ಟಿವೈ-2 ಜೀನನ್ನು ಒಳ್ಳೆಯ ಹಣ್ಣಿನ ಗಿಡಕ್ಕೆ ತರಲು ನಮ್ಮ ತಂಡಕ್ಕೆ ಎಂಟು ವರ್ಷ ಹಿಡಿಯಿತು. ಮೂರನೇ ಹಂಗಾಮಿನಲ್ಲಿ ಮುಳಬಾಗಿಲಿನ ಒಂದು ತೋಟದಲ್ಲಿ ಅದೇ ತಳಿ ಮುದುಡಿತು. ಎಕರೆಗೆ ಲಕ್ಷ ದಾಟಿ ಖರ್ಚು ಮಾಡಿದ್ದ ರೈತರ ಮುಂದೆ ನಾನು ಒಬ್ಬನೇ ನಿಂತೆ. ಪ್ರಬಂಧ ಬರೆಯುವವರಿಗೆ ಆ ದಿನ ಬರುವುದೇ ಇಲ್ಲ.

ಹೆಬ್ಬಾಳದ ಹಳಬ: ಬೀಜದವರೇ, ಈ ಮಾತನ್ನು ಒಪ್ಪಲಾರೆ. ಎಲೆ ಮುಟುರು ರೋಗ ತಡೆಯುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದಲೇ ಬಂದವು. ಅವು ಸಂಕರ ತಳಿಗಳಲ್ಲವಾದ್ದರಿಂದ ರೈತನೇ ಬೀಜ ಎತ್ತಿಟ್ಟುಕೊಳ್ಳಬಹುದಿತ್ತು. ಆ ತಾಕುಗಳಲ್ಲಿ ಬಿಳಿ ನೊಣ ಎಣಿಸುತ್ತ ನಾನು ಎರಡು ಬೇಸಿಗೆ ಕಳೆದಿದ್ದೇನೆ.

ಬೀಜದವನು: ಎಣಿಸಿದಿರಿ, ಸರಿ. ದೆಹಲಿಗೆ ಹೋಗುವ ಲಾರಿಯಲ್ಲಿ ಆ ಹಣ್ಣು ಎಷ್ಟು ದಿನ ತಾಳುತ್ತಿತ್ತೆಂದು ಮಂಡಿಯವರನ್ನು ಕೇಳಿದ್ದಿರಾ?

ಹೆಬ್ಬಾಳದ ಹಳಬ: ರೋಗ ತಡೆಯುವುದಕ್ಕೆ ಮಾಡಿದ ತಳಿಯನ್ನು ಲಾರಿಯ ಲೆಕ್ಕದಲ್ಲಿ ತೂಗುವುದು ಅನ್ಯಾಯ.

ದೂರದೂರಿನವಳು: ನಾನು ಅಮೆರಿಕದಲ್ಲಿ ಮೂರನೇ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಮಾಡುತ್ತಿದ್ದೇನೆ, ನನಗೀಗ 37, ಕಾಯಂ ಹುದ್ದೆಯಿಲ್ಲ. ಆದರೂ ಹವಾಯಿಯ ಪರಂಗಿಯನ್ನು ನೆನೆದರೆ ಈ ವೃತ್ತಿಯ ಮೇಲಿನ ನಂಬಿಕೆ ಹೋಗುವುದಿಲ್ಲ. ಪರಂಗಿಯ ಉಂಗುರ ಚುಕ್ಕೆ ವೈರಸ್ ಅಲ್ಲಿನ ಪುನಾ ಜಿಲ್ಲೆಗೆ ಕಾಲಿಟ್ಟ 1992ರಲ್ಲೇ ಸಸ್ಯರೋಗ ವಿಜ್ಞಾನಿ ಡೆನ್ನಿಸ್ ಗೊನ್ಸಾಲ್ವೆಸ್ ಅವರ ತಂಡದ ವೈರಸ್ ನಿರೋಧಕ ಕುಲಾಂತರಿ ಗಿಡಗಳು ಕ್ಷೇತ್ರ ಪ್ರಯೋಗದಲ್ಲಿದ್ದವು. 1998ರಲ್ಲಿ ರೈನ್‌ಬೋ ತಳಿಯ ಬೀಜ ರೈತರ ಕೈ ಸೇರಿತು. ವೈರಸ್ ಬರುವ ಮೊದಲೇ ಸಿದ್ಧತೆ ನಡೆಸಿದವರು ಪ್ರಯೋಗಾಲಯದವರೇ.

ಬೀಜದವನು: ಕುಲಾಂತರಿ ತಿನಿಸು ಬೆಳೆಗೆ ಇಲ್ಲಿ ಅನುಮತಿ ಸಿಗಲು ಏನೇನು ಪಾಡು ಪಡಬೇಕೆಂದು ಗೊತ್ತಿದ್ದೂ ಹವಾಯಿಯನ್ನು ತೋರಿಸಿ ಹುಡುಗರನ್ನು ಕರೆಯಬೇಡಿ, ಮೇಡಂ.

ತೊಗರಿ ಹೊಲ: ಬೀಜದವರೇ, ರೈತರ ಮುಂದೆ ನಿಲ್ಲದವರು ಎಂದಿರಿ. ನಮ್ಮಪ್ಪ ಕಲಬುರಗಿಯ ಕಡೆ ತೊಗರಿ ಬೆಳೆಯುವವರು. ತೊಗರಿಯ ಮಾರುತಿ ತಳಿ ಗಿಡ ಬಾಡಿಸುವ ನೆಟೆ ರೋಗವನ್ನು ತಡೆಯಿತು, ಗೊಡ್ಡು ರೋಗವನ್ನು ತಡೆಯಲಿಲ್ಲ. ನಾಲ್ಕು ಎಕರೆ ಹೊಲ ದಟ್ಟವಾಗಿ ಬೆಳೆದು ಹೂವಿಲ್ಲದೆ ನಿಂತ ವರ್ಷ ನಾನು ಪಿಯುಸಿಯಲ್ಲಿದ್ದೆ. ಆ ರೈತನ ಮುಂದೆ ದಿನವೂ ಊಟಕ್ಕೆ ಕೂತವಳು ನಾನು. ಹೊಸ ಸಸಿಯವರೇ, ಸೇರುವ ಮುನ್ನ ಆ ವಿಭಾಗಕ್ಕೆ ಒಮ್ಮೆ ಏಪ್ರಿಲ್ ತಿಂಗಳಲ್ಲಿ ಹೋಗಿ, ನುಸಿ ಸಾಕಿದ ಗಿಡಗಳು ಎಲ್ಲಿವೆ, ರಜೆಯಲ್ಲಿ ಜನರೇಟರಿನ ಬೀಗದಕೈ ಯಾರ ಬಳಿ ಇರುತ್ತದೆ ಎಂದು ವಿಚಾರಿಸಿ ಬನ್ನಿ.